ಹೃದಯ ವೈಫಲ್ಯದ ದಾಖಲೆಯಲ್ಲಿ ‘ತೀವ್ರ’, ‘ಹಂತ’, ‘ದರ್ಜೆ’: ಯಾವುದು ಎಲ್ಲಿ?

ನಮಸ್ಕಾರ.

ಹೃದಯ ವೈಫಲ್ಯ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿ) ಇರುವವರನ್ನು ವೈದ್ಯರು ಕೇಳಿ ಬರೆದುಕೊಳ್ಳುವ ನಮೂನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳು ಮುಂದಕ್ಕೆ ಹೋಗಗೊಡುತ್ತಿಲ್ಲ.

ಮೊದಲು ‘ತೀವ್ರ’. ಅಕ್ಯೂಟ್‌ಗೂ ಇದೇ, ಸಿವಿಯರ್‌ಗೂ ಇದೇ. ಅಕ್ಯೂಟ್ ಎಂದರೆ ದಿಢೀರನೆ ಶುರುವಾದದ್ದು ಅಥವಾ ಬಿಗಡಾಯಿಸಿದ್ದು. ಸಿವಿಯರ್ ಎಂದರೆ ತೊಂದರೆ ಜೋರಾಗಿರುವುದು; ವರ್ಷಗಟ್ಟಲೆ ಇರುವ ವೈಫಲ್ಯವೂ ಸಿವಿಯರ್ ಆಗಿರಬಹುದು. ಕರಡು ಓದಿದ ನರ್ಸ್ ಒಬ್ಬರು ‘ತೀವ್ರ ಹೃದಯ ವೈಫಲ್ಯ’ ಎಂಬಲ್ಲಿ ಬೆರಳಿಟ್ಟು, “ಇದು ಈಗ ಶುರುವಾದದ್ದಾ, ಜಾಸ್ತಿ ಆಗಿರೋದಾ?” ಎಂದರು. ಉತ್ತರಿಸಲು ಆಗಲಿಲ್ಲ. ಸಿವಿಯರ್‌ಗೆ ‘ಗಂಭೀರ’ ಎಂದು ಹಾಕಿ ನೋಡಿದೆ. ‘ಸ್ಥಿತಿ ಗಂಭೀರ’ ಎಂದರೆ ಮನೆಯವರಿಗೆ ಜೀವವೇ ಹೋಗುತ್ತದೇನೋ ಎಂಬ ಗಾಬರಿ. ಹಾಗಾಗಿ ಅಕ್ಯೂಟ್‌ಗೆ ‘ಹಠಾತ್’, ಸಿವಿಯರ್‌ಗೆ ಮಾತ್ರ ‘ತೀವ್ರ’ ಎಂದುಕೊಂಡಿದ್ದೇನೆ.

ಇನ್ನು ಕ್ಲಾಸ್ ಮತ್ತು ಸ್ಟೇಜ್. ಎರಡಕ್ಕೂ ‘ಹಂತ’ ಎಂದು ಬರೆದರೆ ದಾಖಲೆಯೇ ತಪ್ಪಾಗುತ್ತದೆ. ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ರೂಪಿಸಿದ 1ರಿಂದ 4ರ ಕ್ಲಾಸ್ ನಿಂತಿರುವುದು ಸುಸ್ತು, ಏದುಸಿರಿನ ಮೇಲೆ. ಚಿಕಿತ್ಸೆ ಹಿಡಿದರೆ 3ರಲ್ಲಿದ್ದವರು 2ಕ್ಕೆ ಬರುತ್ತಾರೆ. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹೇಳುವ ಎ, ಬಿ, ಸಿ, ಡಿ ಎಂಬ ಸ್ಟೇಜ್ ಹಾಗಲ್ಲ. ಒಮ್ಮೆ ಸಿ ತಲುಪಿದವರನ್ನು, ಲಕ್ಷಣ ಪೂರ್ತಿ ಮಾಯವಾದರೂ, ಬಿ ಎಂದು ಬರೆಯುವುದಿಲ್ಲ. ಹಿಂದೆ ಬರಲಾಗದ್ದಕ್ಕೆ ‘ಹಂತ’, ಏರಿಳಿಯುವುದಕ್ಕೆ ‘ದರ್ಜೆ’ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ‘ವರ್ಗ’ ಬೇಡ, ಅದು ಜನರನ್ನೇ ವಿಂಗಡಿಸಿದಂತೆ ಕೇಳುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಸಾಮಾನ್ಯ ಚಟುವಟಿಕೆ’. ಅದನ್ನು ಮಾಡಿದಾಗ ದಣಿವಾದರೆ 2ನೇ ದರ್ಜೆ, ಅದಕ್ಕಿಂತ ಕಡಿಮೆ ಕೆಲಸಕ್ಕೇ ದಣಿದರೆ 3. ಆದರೆ ಯಾರಿಗೆ ಸಾಮಾನ್ಯ? “ದಣಿವಾಗುತ್ತದೆಯೇ?” ಎಂದು ಕೇಳಿದರೆ “ಇಲ್ಲ” ಎನ್ನುವವರು ಮೆಟ್ಟಿಲು ಹತ್ತುವುದನ್ನೇ ಬಿಟ್ಟು ಆರು ತಿಂಗಳಾಗಿರುತ್ತದೆ. ಅವರ ಹೆಸರಿನ ಮುಂದೆ 1, ಅಂದರೆ ಸಾಮಾನ್ಯ ಚಟುವಟಿಕೆಗೆ ದಣಿವಿಲ್ಲ, ಎಂದು ಬೀಳುತ್ತದೆ. ಒಬ್ಬರನ್ನೇ ನೋಡಿದ ಇಬ್ಬರು ವೈದ್ಯರು ಎರಡು ಅಂಕಿ ಬರೆಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ “ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ?” ಎಂಬ ಸಾಲು ಸೇರಿಸಿ, ಅವರ ಮಾತನ್ನು ಅಂಕಿಯ ಪಕ್ಕದಲ್ಲೇ ಬರೆಯಲು ಜಾಗ ಬಿಟ್ಟಿದ್ದೇನೆ.

ಉಸಿರಿನ ಪದವೂ ಇತ್ಯರ್ಥವಾಗಿಲ್ಲ. ‘ದಮ್ಮು’, ‘ಉಬ್ಬಸ’ ಎಂದರೆ ಆಸ್ತಮಾ ಎಂದುಕೊಳ್ಳುತ್ತಾರೆ. ‘ಏದುಸಿರು’ ಓಡಿ ಬಂದವರಿಗೆ ಸರಿ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವವರಿಗೆ? ಆ ಸ್ಥಿತಿಗೆ ನಿಮ್ಮ ಕಡೆಯ ಆಡುಮಾತಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.