ಹೊಸಬರಿಗೆ ಕೋವಿ, ಹೊಸಬರಿಗೆ ಪಾಠ: ಕೋಚ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7ರಿಂದ ಕೋಚ್ ನಮ್ಮ ಜೊತೆ ಇರುತ್ತಾರೆ. ವರ್ಷಗಟ್ಟಲೆ ಟ್ರ್ಯಾಪ್, ಅಂದರೆ ಹಾರುವ ತಟ್ಟೆಯನ್ನು ಕೋವಿಯಿಂದ ಒಡೆಯುವ ಆಟ, ಆಡಿದವರು, ಈಗ ಮಡಿಕೇರಿ ಕಡೆ ಹೊಸಬರಿಗೆ ಕಲಿಸುತ್ತಿದ್ದಾರೆ. ಶಾಟ್‌ಗನ್ ಕಲಿಯುವುದು ಹೇಗೆ, ಮೈಗೆ ಹೊಂದುವ ಕೋವಿ ಹುಡುಕುವುದು ಹೇಗೆ, ಅಷ್ಟೇ ವಿಷಯ. ದಯವಿಟ್ಟು ಫಾರ್ವರ್ಡ್ ಬೇಡ.

ಬೆಂಗಳೂರು ಬಾಯ್: ಸರ್, ನಾನು ಹೊಸಬ. ಯಾವ ಗನ್ ತಗೊಳ್ಳಲಿ?

ಕೋಚ್: ಯಾವುದೂ ಬೇಡ. ಮೊದಲು ಪಾಠ, ಆಮೇಲೆ ಕೋವಿ. ನಿಮ್ಮ ಜಿಲ್ಲೆಯ ರೈಫಲ್ ಅಸೋಸಿಯೇಷನ್‌ನಲ್ಲಿ ಕೇಳಿ, ಶಾಟ್‌ಗನ್ ರೇಂಜ್ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. 10 ಮೀಟರ್ ಏರ್ ರೈಫಲ್ ರೇಂಜ್‌ಗಳು ಬೇಕಾದಷ್ಟಿವೆ, ಶಾಟ್‌ಗನ್ ರೇಂಜ್ ಕಡಿಮೆ. ದೂರ ಹೋಗಬೇಕಾಗಬಹುದು. ಒಳ್ಳೆಯ ಕೋಚ್ ಅಂದರೆ ಯಾರು ಗೊತ್ತಾ? ಮೊದಲ ದಿನ ಒಂದೇ ತೋಟಾ ತುಂಬಿಸುವವರು. ಬಂದ ಕೂಡಲೇ ಎರಡು ತೋಟಾ ಕೊಟ್ಟು "ಹೊಡೀರಿ" ಅನ್ನುವವರ ಹತ್ತಿರ ಹೋಗಬೇಡಿ.

ಮಳೆಗಾಲ: ಸರ್, ನನಗೆ ಪ್ರೊಗ್ರೆಸಿವ್ ಕನ್ನಡಕ. ತಟ್ಟೆ ಮಸುಕಾಗಿ ಕಾಣುತ್ತದೆ. ಏನು ಮಾಡಲಿ?

ತೋಟದ ಮನೆ: ನಮಸ್ಕಾರ ಸರ್. ವಿರಾಜಪೇಟೆ ಕಡೆಯವರು ನಾವು. ಮಗಳಿಗೆ 23, ಎತ್ತರ 5 ಅಡಿ 2 ಇಂಚು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಆಸೆ ಹುಟ್ಟಿತು. ಅಜ್ಜನ ಜೋಡಿ ನಳಿಗೆ ತೋಟೆ ಕೋವಿ ಇದೆ. ನಳಿಗೆ ಮೇಲೆ ಹಾವಿನ ಚರ್ಮದ ಹಾಗೆ ಗೆರೆ, ನೋಡಲು ತುಂಬಾ ಚೆಂದ. ನಾಲ್ಕು ಈಡು ಹೊಡೆದಳು. ಕೆನ್ನೆ ಊದಿತು, ತೋಳು ನೀಲಿಯಾಯಿತು. ಈಗ ಟ್ರಿಗ್ಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾಳೆ. ಅವಳ ಮಾವ "ಹೆಣ್ಣುಮಗಳಿಗೆ ಧೈರ್ಯ ಸಾಲದು" ಅನ್ನುತ್ತಾರೆ. ತೋಟಾ ಪೇಟೆಯ ಅಂಗಡಿಯಿಂದ ತಂದದ್ದು, 70 ಎಂಎಂ ಅಂತ ಬರೆದಿದೆ.

ಕೋಚ್: ಅಮ್ಮಾ, ಇನ್ನೊಂದು ಈಡು ಹೊಡೆಯಬೇಡಿ. ಇದನ್ನು ಮೊದಲು ಓದಿ.

ಆ ಗೆರೆ ಬರೀ ಅಲಂಕಾರ ಅಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುತ್ತಿ, ಕಾಯಿಸಿ ಬಡಿದು ಬೆಸೆದ ನಳಿಗೆ ಅದು. ಡಮಾಸ್ಕಸ್ ಅನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ತೋಟಾದೊಳಗೆ ಇರುವುದು ಹೊಗೆರಹಿತ ಮದ್ದು. ಕೆಲವು ಡಮಾಸ್ಕಸ್ ನಳಿಗೆಗಳು ಆ ಮದ್ದಿಗೂ ಪರೀಕ್ಷೆ ಆದವು, ಇಲ್ಲ ಅಂತಲ್ಲ. ಆದರೆ ನಳಿಗೆ ಅಡಿಯ ಪರೀಕ್ಷೆಯ ಮುದ್ರೆ ಓದದೆ, ಗೋಡೆಯ ದಪ್ಪ ಅಳೆಯದೆ ಗೊತ್ತಾಗುವುದಿಲ್ಲ. ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ತುಕ್ಕು ತಿಂದಿರಬಹುದು. ಹೊರಗೆ ಫಳಫಳ.

ಎರಡನೆಯದು 70 ಎಂಎಂ. ಹಳೇ ಕೋವಿಗಳ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಎಷ್ಟೋ ಸಲ 65 ಎಂಎಂ. ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಬಾಗಿಲೂ ಮುಚ್ಚುತ್ತದೆ, ಎಲ್ಲ ಸರಿ ಅನಿಸುತ್ತದೆ. ಮೋಸ ಇರುವುದು ಅಲ್ಲೇ. 70 ಅಂದರೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಆ ಬಾಯಿ ಚೇಂಬರ್ ದಾಟಿ ಕಿರಿದಾದ ಜಾಗದಲ್ಲಿ ಬಿಚ್ಚುತ್ತದೆ, ಒಳಗಿನ ಒತ್ತಡ ಏರುತ್ತದೆ. ಹಾಗಾಗಿ ಅವಳ ಕೆನ್ನೆಗೆ ಬಿದ್ದ ಪೆಟ್ಟಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಎಡಗೈ ಹಿಡಿದದ್ದು ನಳಿಗೆಯ ಕೆಳಗೆ, ನಳಿಗೆ ಸಿಡಿದರೆ ಆ ಕೈ ಏನಾದೀತು, ಚಿಂತೆ ಅದರದ್ದು.

ಇನ್ನು ಧೈರ್ಯದ ಮಾತು. ಮಾವನಿಗೆ ಹೇಳಿ, ಅದು ಅಳತೆಯ ತಪ್ಪು. ಟ್ರಿಗ್ಗರ್‌ನಿಂದ ಹಿಂದಿನ ಮರದ ತುದಿಯವರೆಗೆ ಸಾಮಾನ್ಯ ಕೋವಿಯಲ್ಲಿ 14 ಕಾಲು, 14 ಅರೆ ಇಂಚು ಇರುತ್ತದೆ. 5 ಅಡಿ 2ರ ಹುಡುಗಿಗೆ ಅದು ಉದ್ದ. ಭುಜದ ಗುಳಿಯಲ್ಲಿ ಕೂರುವುದಿಲ್ಲ, ತೋಳಿನ ಮೇಲೆ ಜಾರುತ್ತದೆ. ತೋಳು ನೀಲಿಯಾದದ್ದು ಅದಕ್ಕೆ. ಹಳೇ ಕೋವಿಯ ಮರ ಜಾಸ್ತಿ ಬಾಗಿರುತ್ತದೆ. ಕೆನ್ನೆ ಮರಕ್ಕೆ ಅಂಟುವುದಿಲ್ಲ, ನಡುವೆ ಸಂದು. ಒದೆತ ಬಂದಾಗ ಮರ ಎದ್ದು ಕೆನ್ನೆಗೆ ಬಾರಿಸುತ್ತದೆ. ನಾಲ್ಕು ಏಟು ತಿಂದ ಮೇಲೆ ಯಾರ ಕಣ್ಣಾದರೂ ಮುಚ್ಚುತ್ತದೆ, ಮಾವನದ್ದೂ.

ಒಂದು ಕೇಳುತ್ತೇನೆ. ಗುರಿ ಇಡುವಾಗ ಅವಳು ತಲೆಯನ್ನು ಮರದ ಆಚೆ ಕಡೆಗೆ ವಾಲಿಸುತ್ತಾಳಾ?

ಕಾಫಿಪುಡಿ: ಭುಜಕ್ಕೆ ಟವೆಲ್ ಸುತ್ತಿಕೊಂಡರೆ ಆಯಿತು. ಇದು ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಬಂದದ್ದು: "ಕೋವಿ ಉದ್ದ ಸರಿ ಇದೆಯಾ? ಬುಡವನ್ನು ಮೊಣಕೈ ಸಂದಿಯಲ್ಲಿಡಿ, ಬೆರಳು ಟ್ರಿಗ್ಗರ್ ಮುಟ್ಟಿದರೆ ಸರಿ. ಮಳೆಗಾಲದಲ್ಲಿ ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಎಣ್ಣೆ ಬಟ್ಟೆ ತುರುಕಿಡಿ, ತುಕ್ಕು ಹಿಡಿಯಲ್ಲ. ಎಲ್ಲರಿಗೂ ಹಂಚಿ."

ಕೋಚ್: ಹಂಚಬೇಡಿ. ಮೊಣಕೈ ಅಳತೆ ಅಂಗಡಿಯವರ ಆಟ. ಕತ್ತು, ಎದೆ, ಕೆನ್ನೆ ಯಾವುದನ್ನೂ ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಟವೆಲ್ ಸುತ್ತಿದರೆ ಮೊದಲೇ ಉದ್ದವಾದ ಕೋವಿ ಇನ್ನೂ ಉದ್ದವಾಗುತ್ತದೆ. ಬಟ್ಟೆಯ ವಿಷಯವಂತೂ ಕೇಳಲೇಬೇಡಿ. ನಳಿಗೆಯಲ್ಲಿ ಅಡ್ಡ ಇದ್ದದ್ದು ಮರೆತು ಹೊಡೆದರೆ ನಳಿಗೆ ಸಿಡಿಯುತ್ತದೆ. ಕೆಸರು, ಕಣಜದ ಗೂಡು, ಬಟ್ಟೆ, ಯಾವುದಾದರೂ ಅಷ್ಟೇ. 12 ಬೋರ್ ಕೋವಿಗೆ ತಪ್ಪಿ ಅದಕ್ಕಿಂತ ಸಣ್ಣದಾದ 20 ಬೋರ್ ತೋಟಾ ಹಾಕಿದರೂ ಇದೇ ಗತಿ. ಅದು ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಅಂದುಕೊಂಡು ಹಿಂದೆ ಇನ್ನೊಂದು ತುಂಬುತ್ತೀರಿ. 20 ಬೋರ್ ತೋಟಾ ಹಳದಿ ಬಣ್ಣದಲ್ಲಿ ಬರುವುದು ಸುಮ್ನೆ ಅಲ್ಲ.

ಕಾಫಿಪುಡಿ: ನಮ್ಮ ತಾತ ಹಾಗೇ ಇಡುತ್ತಿದ್ದರು. ಏನೂ ಆಗಿಲ್ಲ.

ಕೋಚ್: ತೆಗೆಯುವುದನ್ನು ತಾತ ಮರೆಯುತ್ತಿರಲಿಲ್ಲ.

ಜಾವಗಲ್: ಸರ್, ಯಾವ ಗನ್ ತಗೊಳ್ಳಲಿ?

ಕೋಚ್: ಮೇಲೆ ಇದೆ.

ಬೆಂಗಳೂರು ಬಾಯ್: ಕೊಡಗಿನವರಿಗೆ ಲೈಸೆನ್ಸೇ ಬೇಡ, ಮನೆಯಲ್ಲೇ ಪ್ರಾಕ್ಟೀಸ್. ನಾವು ಅರ್ಜಿ ಹಿಡಿದು ಅಲೆಯಬೇಕು. ಇದು ಯಾವ ನ್ಯಾಯ?

ಜಮ್ಮಾ: ಎಲ್ಲರಿಗೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಸಹ ಎತ್ತಿಹಿಡಿಯಿತು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಗುಂಡು ಹಾರಿಸುವ ಪದ್ಧತಿ ನಮ್ಮದು. ತಿಳಿಯದೆ ಮಾತಾಡಬೇಡಿ.

ಜಾವಗಲ್: ನಮ್ಮ ಜೋಳ ಪೂರಾ ಹಂದಿ ತಿಂದು ಹೋಯಿತು. ನಮಗೆ ಯಾರು ವಿನಾಯಿತಿ ಕೊಡುತ್ತಾರೆ?

ಜಮ್ಮಾ: ಅದನ್ನು ನಿಮ್ಮ ಶಾಸಕರಿಗೆ ಕೇಳಿ ಮಾರಾಯ್ರೇ.

ಬೆಂಗಳೂರು ಬಾಯ್: ನೋಡಿ, ಅಹಂಕಾರ ಅಂದರೆ ಇದೇ.

ಅಡ್ಮಿನ್: ಮರ್ಯಾದೆ ಇರಲಿ.

ಕೋಚ್: ಈ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಹಂದಿ ಮಾತು ಇಲ್ಲಿ ಬೇಡ. ನಾನು ಕಲಿಸುವುದು 110 ಎಂಎಂ ಅಗಲದ ತಟ್ಟೆ ಒಡೆಯುವುದನ್ನು.

ಮಳೆಗಾಲ: ಸರ್, ಕನ್ನಡಕ?

ತೋಟದ ಮನೆ: ಹೌದು ಸರ್, ತಲೆ ವಾಲಿಸುತ್ತಾಳೆ! ನಿಮಗೆ ಹೇಗೆ ಗೊತ್ತಾಯಿತು?

ಕೋಚ್: ಕೋವಿ ಬಲ ಭುಜದಲ್ಲಿ, ಆದರೆ ಅವಳ ಎಡಗಣ್ಣು ಜೋರಿರಬೇಕು. ಎರಡೂ ಅಂಗೈ ಚಾಚಿ, ನಡುವೆ ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಅಡಿಕೆ ಮರವೊಂದನ್ನು ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಮರ ಮಾಯವಾಗುತ್ತದೋ ಆ ಕಣ್ಣೇ ಯಜಮಾನ. ಎಡಗಣ್ಣಾದರೆ ಎರಡು ದಾರಿ. ಹೊಸಬಳು, ಅಭ್ಯಾಸ ಇನ್ನೂ ಗಟ್ಟಿಯಾಗಿಲ್ಲ, ಎಡ ಭುಜದಿಂದಲೇ ಕಲಿಯಬಹುದು. ನನಗೆ ಅದೇ ಇಷ್ಟ. ಇಲ್ಲವಾದರೆ ಕನ್ನಡಕದ ಎಡ ಗಾಜಿಗೆ ಸಣ್ಣ ಟೇಪು.

ಕೋವಿ ಹೊಂದುತ್ತದಾ ಅಂತ ರೇಂಜಿನಲ್ಲಿ ನೋಡುವುದು ಹೀಗೆ. ಖಾಲಿ ಕೋವಿ, ಇಬ್ಬರು ತೆರೆದು ನೋಡಿ ಖಾಲಿ ಅಂದಿರಬೇಕು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಬೇಕು, ಆಮೇಲೆ ಕಣ್ಣು ತೆರೆಯಬೇಕು. ದೃಷ್ಟಿ ನಳಿಗೆಯ ಮಧ್ಯದಲ್ಲೇ ಹರಿದರೆ ಸರಿ. ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಗಲ ಇರಬೇಕು. ಆಮೇಲೆ 16 ಗಜ ದೂರದ ಹಲಗೆಗೆ ಹೊಡೆಸುತ್ತೇವೆ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಒಂದು ಇಂಚು ಪಕ್ಕಕ್ಕೆ ಬಿದ್ದರೆ ಮರವನ್ನು ಇಂಚಿನ 16ನೇ ಒಂದು ಪಾಲು ಸರಿಸಬೇಕು ಅಂತ ಲೆಕ್ಕ. ಇದು ಬಡಗಿಯ ಕೆಲಸ ಅಲ್ಲ, ಗನ್‌ಸ್ಮಿತ್ ಕೆಲಸ.

ಕಾಫಿಪುಡಿ: ಹಗುರ ಕೋವಿ ಕೊಟ್ಟರೆ ಹೆಂಗಸರಿಗೆ ಸುಲಭ ಅಲ್ವಾ?

ಕೋಚ್: ಉಲ್ಟಾ. ಕೋವಿ ಹಗುರವಾದಷ್ಟೂ ಒದೆತ ಜೋರು. ತೂಕದ ಕೋವಿ, ಹಗುರ ತೋಟಾ. 24 ಗ್ರಾಂ ಚರೆ ಸಾಕು, ಒಲಿಂಪಿಕ್ಸ್‌ನಲ್ಲೂ ಅದೇ.

ಬೆಂಗಳೂರು ಬಾಯ್: ಹಾಗಾದರೆ ಯಾವ ಕಂಪನಿ ಗನ್ ಸರ್?

ಕೋಚ್: ಓದುವ ಅಭ್ಯಾಸ ಇದೆಯಾ ನಿಮಗೆ?

ಅಡ್ಮಿನ್: ಸರ್, ಸ್ವಲ್ಪ ಸಮಾಧಾನ.

ತೋಟದ ಮನೆ: ಸರ್, ಈಗ ಕೋವಿ ತೆರೆದು ಬೆಳಕಿಗೆ ಹಿಡಿದೆ. ಎಡ ನಳಿಗೆ ಸ್ವಚ್ಛ. ಬಲ ನಳಿಗೆಯಲ್ಲಿ ಬೆಳಕೇ ಇಲ್ಲ. ಗೇಣುದ್ದ ಎಣ್ಣೆ ಬಟ್ಟೆ ಹೊರಗೆ ಬಂತು. ಹಬ್ಬ ಮುಗಿದ ಮೇಲೆ ಮಾವ ಹಾಕಿದರಂತೆ, ಇದೇ ಫಾರ್ವರ್ಡ್ ನೋಡಿ. ನಾಳೆ ಮತ್ತೆ ಹೊಡೆಯೋಣ ಅಂದುಕೊಂಡಿದ್ದೆವು.

ಕೋಚ್: ತೋಟಾ ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಅಜ್ಜನ ಕೋವಿ ಪೂಜೆಗಿರಲಿ. ಮಗಳು ಖಾಲಿ ಕೈಯಲ್ಲಿ ರೇಂಜಿಗೆ ಬರಲಿ, ಎಡಗೈಯವರ ಕೋವಿ ಒಂದು ನಮ್ಮಲ್ಲಿದೆ. ಮಾವನನ್ನೂ ಕರೆತನ್ನಿ.