ಸಹಾಯ ಬೇಕು: ಅಮ್ಮನ ಕೆಳಗಿನ ಹಲ್ಲು ಸೆಟ್ ಸಡಿಲ, ರೀಲೈನ್ ಸಾಕಾ, ಇಂಪ್ಲಾಂಟ್ ಬೇಕಾ?

ನಮಸ್ಕಾರ. ಅಮ್ಮನಿಗೆ ಎಪ್ಪತ್ತು ದಾಟಿದೆ, ಶುಗರ್ ಇದೆ. ಕೆಲವು ವರ್ಷಗಳ ಹಿಂದೆ ಪೂರ್ತಿ ಹಲ್ಲು ಸೆಟ್ ಮಾಡಿಸಿದ್ದೆವು. ಮೇಲಿನದು ಅಂಗುಳಕ್ಕೆ ಅಂಟಿಕೊಂಡು ಚೆನ್ನಾಗಿ ಕೂರುತ್ತದೆ. ಕೆಳಗಿನದು ಮಾತ್ರ ಮಾತಾಡುವಾಗಲೂ ಎದ್ದು ಬರುತ್ತದೆ. ಒಸಡು ಉಜ್ಜಿ ಹುಣ್ಣಾಗಿದೆ. ಈಗ ಮುದ್ದೆ, ಮೆತ್ತಗಿನ ಅನ್ನ ಬಿಟ್ಟರೆ ಬೇರೇನೂ ತಿನ್ನುವುದಿಲ್ಲ, ನೋಡೋಕೆ ಸಂಕಟ ಆಗುತ್ತದೆ.

ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡುತ್ತೇವೆ. ಪೇಸ್ಟ್‌ನಿಂದ ಗೀರು ಬೀಳುತ್ತದೆ ಅಂತ ಮೆತ್ತನೆ ಬ್ರಷ್, ಸೋಪಿನಲ್ಲೇ ತೊಳೆಯುತ್ತೇವೆ. ಕುದಿಯುವ ನೀರು ಹಾಕಿಲ್ಲ, ಅದರಿಂದ ಸೆಟ್ ಸೊಟ್ಟಗಾಗುತ್ತದೆ ಅಲ್ವಾ. ಅಂಟಿಸುವ ಕ್ರೀಮ್ ಕೂಡ ಹಾಕಿ ನೋಡಿದೆವು. ಊಟದ ಮಧ್ಯದಲ್ಲೇ ಬಿಟ್ಟುಕೊಳ್ಳುತ್ತದೆ.

ಹಲ್ಲು ಹೋದ ಮೇಲೆ ದವಡೆ ಮೂಳೆ ಸವೆಯುತ್ತಾ ಹೋಗುತ್ತದೆ, ಕೆಳಗೆ ಇನ್ನೂ ಜಾಸ್ತಿ ಅಂತ ಡಾಕ್ಟರ್ ಹೇಳಿದರು. ಸೆಟ್‌ನ ಒಳಗೆ ಹೊಸ ಪದರ ಕೊಟ್ಟು ರೀಲೈನ್ ಮಾಡಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬ ಡಾಕ್ಟರ್ ದವಡೆ ಮೂಳೆಯಲ್ಲಿ ಎರಡು ಇಂಪ್ಲಾಂಟ್ (ಸ್ಕ್ರೂ ತರಹದ ಲೋಹದ ಬೇರು) ಹಾಕಿ ಸೆಟ್ ಅದಕ್ಕೆ ಸಿಕ್ಕಿಸೋಣ ಅನ್ನುತ್ತಾರೆ. ನಾವು ಸಿಕ್ಕಿಕೊಂಡಿರುವುದು ಇಲ್ಲೇ.

ಮೂಳೆ ಸವೆದವರಿಗೆ ಕೆಳಗಿನ ಸೆಟ್ ರೀಲೈನ್ ಮಾಡಿಸಿದವರು ಇದ್ದೀರಾ? ಎಷ್ಟು ಕಾಲ ಬಿಗಿಯಾಗಿ ನಿಂತಿತು? ಶುಗರ್ ಇದ್ದೂ ಇಂಪ್ಲಾಂಟ್ ಹಾಕಿಸಿಕೊಂಡವರಿದ್ದರೆ ಗಾಯ ಹೇಗೆ ಮಾಯಿತು, ದಯವಿಟ್ಟು ತಿಳಿಸಿ.