ಲಿಂಫೋಮಾ (ದುಗ್ಧಗ್ರಂಥಿ ಕ್ಯಾನ್ಸರ್) ವಾಪಸ್ ಬಂದಿದೆ, ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಹೆಂಗಿರತ್ತೆ?

ಪ್ರಶ್ನೆ: 2 ವರ್ಷ ಆರಾಮಾಗಿದ್ದೆ, ಕುತ್ತಿಗೇಲಿ ಮತ್ತೆ ಗಂಟು. ಕೀಮೋ ಕೊಟ್ಟು, ನಂದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸೋ ಕಣ) ತೆಗೆದಿಟ್ಟು, ಆಮೇಲೆ ಹೈ ಡೋಸ್ ಕೀಮೋ ಕೊಟ್ಟು ಅದನ್ನ ವಾಪಸ್ ಹಾಕ್ತಾರಂತೆ. ಮೊದಲ ಸಲದ ಧೈರ್ಯ ಈಗಿಲ್ಲ, ಮಾಡಿಸ್ಕೊಂಡೋರು ನಿಜ ಹೇಳಿ

ಉತ್ತರ 1: ಸೆಲ್ ವಾಪಸ್ ಹಾಕೋದು ರಕ್ತ ಹಾಕಿದಂಗೇ, ಆಪರೇಷನ್ ಅಲ್ಲ, ಸೆಲ್ ಕೆಡದಂಗೆ ಹಾಕಿಟ್ಟಿರೋ ಔಷಧಿಗೆ ರೂಮೆಲ್ಲ ಬೆಳ್ಳುಳ್ಳಿ ವಾಸನೆ ಹೊಡೀತಿತ್ತಂತೆ ನಂಗ್ ಗೊತ್ತೇ ಆಗ್ಲಿಲ್ಲ, ನಮ್ಮನೆಯವ್ರು ಮೂಗು ಮುಚ್ಕೊಂಡು ಕೂತಿದ್ರು. ಕಷ್ಟ ಅಂದ್ರೆ ಆಮೇಲೆ, ರಕ್ತಕಣದ ಕೌಂಟ್ ಬಿದ್ದಾಗ, ಬಾಯಿ ಹುಣ್ಣಾಗಿ ಎಂಜಲೂ ನುಂಗಕ್ಕಾಗ್ತಿರ್ಲಿಲ್ಲ. 12ನೇ ದಿನ ಕೌಂಟ್ ಏರಕ್ಕೆ ಶುರುವಾಯ್ತು

ಉತ್ತರ 2: ಹೈ ಡೋಸಲ್ಲಿ ಮೆಲ್ಫಲಾನ್ ಅನ್ನೋ ಕೀಮೋ ಔಷಧಿ ಇದ್ರೆ ಡ್ರಿಪ್ ಹೋಗೋವಾಗ ಐಸ್ ಚೀಪಿ, ಹುಣ್ಣು ಕಮ್ಮಿ ಆಗತ್ತೆ, ನರ್ಸ್‌ನ ಮೊದಲೇ ಕೇಳಿಡಿ. ಮನೆಗೆ ಬಂದ್ಮೇಲೆ ಜ್ವರ 38 ಡಿಗ್ರಿ ಮುಟ್ಟಿದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ಆಗ್ಲೇ ಆಸ್ಪತ್ರೆಗೆ ಫೋನ್ ಮಾಡಿ

ಕೇಳಿದವರು: ಬೆಳ್ಳುಳ್ಳಿ ಓದಿ ಎಷ್ಟೋ ದಿನಕ್ಕೆ ನಕ್ಕೆ ರೀ. ಥ್ಯಾಂಕ್ಸ್